ಆಣೆ ಹಾಕಿಸುವುದು ಈಗಲೂ ಅಪರಾಧವೇ

ಮನೆದೇವರ ಫೋಟೊ ಮುಟ್ಟಿಸಿ ಇಂಥವರಿಗೇ ಮತ ಹಾಕುತ್ತೇವೆ ಎಂದು ಮತದಾರರಿಂದ ಆಣೆ ಹಾಕಿಸಿಕೊಳ್ಳುವುದನ್ನು ತಡೆಯಲು ಹೊಸ ಕಾಯ್ದೆ ಬೇಕು ಅಂತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಒಪ್ಪಲಾಗುವುದಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(2)ನೇ ಕಲಂ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ನಂಬಿಸುವುದನ್ನೂ, ಜಾತಿಯಿಂದ ಹೊರಗೆ ಹಾಕುತ್ತೇವೆ ಎಂದು ಬೆದರಿಸುವುದನ್ನೂ ಭ್ರಷ್ಟಾಚರಣೆ (ಆಯ್ಕೆಯನ್ನೇ ರದ್ದು ಮಾಡಬಹುದಾದ ಚುನಾವಣಾ ಅಕ್ರಮ) ಎಂದೇ ಹೇಳಿದೆ. ಭಾರತೀಯ ನ್ಯಾಯ ಸಂಹಿತೆಯ 171ನೇ ಕಲಂ ಇದನ್ನು ಅಪರಾಧ ಎನ್ನುತ್ತದೆ, ಪಂಚಾಯಿತಿ ಚುನಾವಣೆಗೂ ಅನ್ವಯಿಸುತ್ತದೆ.

ತೊಡಕಿರುವುದು ಬೇರೆ ಕಡೆ. ಇದಕ್ಕೆ ಗರಿಷ್ಠ ಶಿಕ್ಷೆ ಒಂದು ವರ್ಷ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅಸಂಜ್ಞೇಯ ಅಪರಾಧವಾದ್ದರಿಂದ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಯನ್ನೇ ಶುರು ಮಾಡುವಂತಿಲ್ಲ. ಅಷ್ಟರಲ್ಲಿ ಮತದಾನ ಮುಗಿದಿರುತ್ತದೆ! ಭ್ರಷ್ಟಾಚರಣೆ ನಡೆದಿದೆ ಎಂದು ಶಾಸಕ, ಸಂಸದರ ಆಯ್ಕೆ ಪ್ರಶ್ನಿಸಬೇಕೆಂದರೆ 45 ದಿನದೊಳಗೆ ಹೈಕೋರ್ಟಿಗೆ ಹೋಗಬೇಕು. ಕೂಲಿ ಮಾಡಿ ಬದುಕುವ ಮತದಾರ ವಕೀಲರ ಫೀಸು ಎಲ್ಲಿಂದ ತರಬೇಕು?

ಲೇಖನ ಅಭ್ಯರ್ಥಿಗಳ ಮೇಲಿನ ಒತ್ತಡದ ಮಾತೇ ಎತ್ತಿಲ್ಲ. ಚುನಾವಣೆಗೆ ನಿಲ್ಲುವುದು, ನಾಮಪತ್ರ ವಾಪಸ್ ತೆಗೆದುಕೊಳ್ಳದೇ ಇರುವುದು ಕೂಡ ಕಾನೂನಿನ ಪ್ರಕಾರ ಚುನಾವಣಾ ಹಕ್ಕೇ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಓದಿದ್ದೇವೆ. ನಮ್ಮ ಕಡೆಯೂ ವಾಪಸಾತಿಯ ಕೊನೇ ದಿನ ಅರ್ಜಿ ಹಿಡಿದು ಮನೆ ಬಾಗಿಲಿಗೆ ಬರುವವರು ಊರ ಹಿರಿಯರೇ. ಸಹಿ ಹಾಕದಿದ್ದರೆ ಮಗಳ ಮದುವೆಗೆ ಯಾರೂ ಬರಲ್ಲ ಅಂದರೆ ಸಾಕು, ಬಡವ ಸಹಿ ಹಾಕುತ್ತಾನೆ. ಮರುದಿನ ‘ಅವಿರೋಧ ಆಯ್ಕೆ’ ಎಂದು ಹಾರ ಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ.

ಮೊದಲು ಇಂಥ ಆಣೆ, ಬೆದರಿಕೆಗಳನ್ನು ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದಾದ ಸಂಜ್ಞೇಯ ಅಪರಾಧ ಮಾಡಲಿ. ವಾಪಸಾತಿ ಅರ್ಜಿ ಕೊಡುವಾಗ ಚುನಾವಣಾಧಿಕಾರಿ ಅಭ್ಯರ್ಥಿಯನ್ನು ಒಬ್ಬರನ್ನೇ ಒಳಗೆ ಕರೆದು, ಯಾರಾದರೂ ಒತ್ತಾಯ ಮಾಡಿದರೇ ಎಂದು ಕೇಳಿ ಬರೆದುಕೊಳ್ಳಲಿ.