ಗೋಡೌನ್ ಜಾಗದಲ್ಲಿ ಮನೆಯೇ? ಮೊದಲು ಅಂಗಳ ಬರೀರಿ

ಮೊನ್ನೆ ಗೆಳೆಯನೊಬ್ಬ ಒಂದು ನಕ್ಷೆ ತಂದು ತೋರಿಸಿದ. ಪೇಟೆ ನಡುವಿನ ಹಳೇ ಗೋಡೌನ್ ಕೆಡವಿ ಸಂಸಾರಸ್ಥರಿಗೆ ಮನೆ ಕಟ್ಟುತ್ತಾರಂತೆ. ಉದ್ದನೆಯ ಸೈಟು, ಮೂರು ಕಡೆ ಪಕ್ಕದವರ ಗೋಡೆ. ಎಷ್ಟು ಮನೆ ಹಿಡಿಸಬಹುದು ಅಂತ ಮೊದಲು ಲೆಕ್ಕ ಹಾಕಿ, ಉಳಿದ ಚೂರುಪಾರು ಜಾಗಕ್ಕೆ 'ಓಪನ್ ಸ್ಪೇಸ್' ಅಂತ ಬರೆದಿದ್ದರು. ಕಾರು ತಿರುಗಿಸೋಕೆ ಬಿಟ್ಟರೆ ಅದು ಇನ್ಯಾವುದಕ್ಕೂ ಬರಲ್ಲ.

ನನ್ನ ಪ್ರಕಾರ ಇಂಥ ಕಡೆ ಖಾಲಿ ಜಾಗವನ್ನೇ ಮೊದಲು ಬರೆಯಬೇಕು. ಮೂಟೆಗೆ ಬೆಳಕು ಯಾಕೆ? ಮುಂದೊಂದು ಶಟರ್, ಮೇಲೆ ಶೀಟು, ಅಷ್ಟೇ ಸಾಕಿತ್ತು. ಜನ ಹಾಗೆ ಇರೋಕಾಗಲ್ಲ ಅಲ್ವಾ? ಒಂದೇ ಕಡೆ ಕಿಟಕಿ ಇದ್ದರೆ, ನೆಲದಿಂದ ಕಿಟಕಿಯ ಮೇಲಂಚಿಗೆ ಎಷ್ಟು ಎತ್ತರವೋ ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಬೆಳಕು ಚೆನ್ನಾಗಿ ಬರುತ್ತೆ. 7 ಅಡಿ ಅಂದರೆ 14ರಿಂದ ಹದಿನೇಳೂವರೆ ಅಡಿ. ಅದರಾಚೆ ಹಗಲಲ್ಲೂ ಲೈಟು ಹಾಕಬೇಕು. ಹಾಗಾಗಿ ಉದ್ದನೆಯ ಸೈಟಿನ ನಡುವೆ ಆಕಾಶ ಕಾಣಲೇಬೇಕು.

ಜಾಗ ದಂಡ ಅನ್ನುವವರು ಆಮ್‌ಸ್ಟರ್‌ಡ್ಯಾಮ್‌ನ ಬೋರ್ನಿಯೊ-ಸ್ಪೋರೆನ್‌ಬರ್ಗ್ ನೋಡಲಿ. ಹಡಗು ನಿಲ್ಲುತ್ತಿದ್ದ ಹಳೇ ಬಂದರು ಅದು. 1990ರ ದಶಕದಲ್ಲಿ ಅಲ್ಲಿ ಸುಮಾರು 2,500 ಮನೆಗಳಿಗೆ ಯೋಜನೆ ಹಾಕಿದರು, ಹೆಕ್ಟೇರಿಗೆ ನೂರರಂತೆ. ಹೆಚ್ಚಿನವು ಮೂರೇ ಅಂತಸ್ತು. ಬೀದಿಗೇ ಬಾಗಿಲು, ಒಳಗೆ ಪುಟ್ಟ ಅಂಗಳವೋ ತಾರಸಿಯೋ.

ಮಣ್ಣಿನ ವಿಷಯ ಬೇರೆಯೇ ಇದೆ. ಕಟ್ಟೋ ಸೈಟಿನಲ್ಲಿ ಹಿಂದೆ ಪೆಟ್ರೋಲ್ ಬಂಕ್, ಗ್ಯಾರೇಜು, ಡ್ರೈಕ್ಲೀನಿಂಗ್ ಏನಾದರೂ ಇದ್ದರೆ ನಕ್ಷೆಗೂ ಮೊದಲು ಮಣ್ಣು, ಅಂತರ್ಜಲ ಎರಡನ್ನೂ ಪರೀಕ್ಷೆ ಮಾಡಿಸಿ. ಕೆಳಗಿನ ವಿಷದ ಆವಿ ಕಾಂಕ್ರೀಟಿನ ಬಿರುಕಲ್ಲೇ ಮನೆಯೊಳಗೆ ಬರಬಹುದು. ಹಳೇ ಶೀಟು ಕಲ್ನಾರಿನದಾದರೆ ಸುಮ್ನೆ ಸುತ್ತಿಗೆ ಹಿಡಿದು ಒಡೆಯಬೇಡಿ, ತಿಳಿದವರಿಂದಲೇ ಇಳಿಸಿ.

ಮತ್ತೆ ಅಂಗಳಕ್ಕೇ ಬರ್ತೀನಿ. ಅಡುಗೆಮನೆ ಕಿಟಕಿ ಅದರ ಕಡೆಗಿರಲಿ. ಒಗ್ಗರಣೆ ಹಾಕುತ್ತಲೇ ಮಗು ಎಲ್ಲಿ ಬಿತ್ತು ಅಂತ ಕಾಣಬೇಕು. ಬಾಗಿಲ ಒಳಗೇ ಒಂದು ಮೂಲೆ ಬಿಡಿ, ಕೆಸರು ಮೆತ್ತಿದ ಸೈಕಲ್ಲು, ಮಗುವಿನ ತಳ್ಳುಗಾಡಿ, ಒದ್ದೆ ಛತ್ರಿಗೆ. ನಕ್ಷೆಯಲ್ಲಿ ಸೋಫಾ ಬರೆಯೋರು ಜಾಸ್ತಿ, ಸೈಕಲ್ ಬರೆಯೋರನ್ನು ನಾನಂತೂ ಕಂಡಿಲ್ಲ.

ಗೆಳೆಯನ ನಕ್ಷೆ ಮೇಲೆ ಪೆನ್ಸಿಲ್‌ನಲ್ಲಿ ನಡುವೆ ಒಂದು ಚೌಕ ಎಳೆದೆ.

"ಒಂದು ಮನೆ ಹೋಯ್ತಲ್ಲೋ" ಅಂದ.

"ಹೂಂ, ಹೋಯ್ತು" ಅಂದೆ.