ಡೊಮೇನ್ ಹೆಸರು ಯಾರ ಆಸ್ತಿ?

1995ರಲ್ಲಿ ಸ್ಟೀಫನ್ ಕೋಹೆನ್ ಎಂಬಾತ, ಡೊಮೇನ್ ಹೆಸರುಗಳನ್ನು ಅಂದರೆ ಜಾಲತಾಣಗಳ ವಿಳಾಸಗಳನ್ನು ನೋಂದಾಯಿಸುತ್ತಿದ್ದ ಅಮೆರಿಕದ ನೆಟ್‌ವರ್ಕ್ ಸೊಲ್ಯೂಷನ್ಸ್ ಸಂಸ್ಥೆಗೆ ಒಂದು ಪತ್ರ ತಲುಪಿಸಿದ. ಆನ್‌ಲೈನ್ ಕ್ಲಾಸಿಫೈಡ್ಸ್ ಎಂಬ ಕಂಪನಿ ತನಗೆ ಬರೆದದ್ದು ಎಂದು ಅವನ ಹೇಳಿಕೆ. ಸೆಕ್ಸ್ ಡಾಟ್ ಕಾಮ್ ಹೆಸರನ್ನು ನೋಂದಾಯಿಸಿದ್ದ ಗ್ಯಾರಿ ಕ್ರೆಮೆನ್ ಅವರನ್ನು ಕೆಲಸದಿಂದ ತೆಗೆದಿದ್ದೇವೆ, ಆ ಹೆಸರು ನಮಗಿನ್ನು ಬೇಡ, ನಮಗೆ ನೇರ ಇಂಟರ್ನೆಟ್ ಸಂಪರ್ಕ ಇಲ್ಲದ ಕಾರಣ ಈ ವಿಷಯವನ್ನು ನೋಂದಣಿ ಸಂಸ್ಥೆಗೆ ನೀವೇ ತಿಳಿಸಿ ಎಂದು ಅದರಲ್ಲಿತ್ತು. ಹೆಸರಿನಲ್ಲೇ ಆನ್‌ಲೈನ್ ಇಟ್ಟುಕೊಂಡ ಕಂಪನಿಗೆ ಇಂಟರ್ನೆಟ್ ಇಲ್ಲವಂತೆ! ಪತ್ರ ಖೋಟಾ. ಆದರೂ ಕ್ರೆಮೆನ್‌ಗೆ ಒಂದು ಮಾತು ಕೇಳದೆ ಸಂಸ್ಥೆ ಹೆಸರನ್ನು ಕೋಹೆನ್‌ಗೆ ವರ್ಗಾಯಿಸಿತು.

ಕೋಹೆನ್ ವಿರುದ್ಧ 6.5 ಕೋಟಿ ಡಾಲರ್ ಪರಿಹಾರದ ತೀರ್ಪು ಬಂದರೂ ಅವನು ಹಣ ಸಾಗಿಸಿ ದೇಶ ಬಿಟ್ಟಿದ್ದ. ಕ್ರೆಮೆನ್ ನೋಂದಣಿ ಸಂಸ್ಥೆಯನ್ನೇ ಹಿಡಿದರು. ಕೆಳ ನ್ಯಾಯಾಲಯ ಅವರಿಗೆ ಎರಡೂ ಕಡೆ ಬಾಗಿಲು ಮುಚ್ಚಿತು: 1994ರಲ್ಲಿ ಶುಲ್ಕವಿಲ್ಲದೆ ನೋಂದಾಯಿಸಿದ್ದರಿಂದ ಕರಾರೇ ಇಲ್ಲ, ಕೈಗೆ ಸಿಗದ ವಸ್ತುವಾದ್ದರಿಂದ ಅನ್ಯರ ಸ್ವತ್ತು ಕಬಳಿಸಿದ ಆರೋಪವೂ ನಿಲ್ಲದು. 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಎರಡನೆಯದನ್ನು ಮಾತ್ರ ತಿರುಗಿಸಿ, ಡೊಮೇನ್ ಹೆಸರು ಆಸ್ತಿಯೇ, ಅದನ್ನು ಅನ್ಯರಿಗೆ ಕೊಟ್ಟವರು ಉತ್ತರ ಹೇಳಬೇಕು ಎಂದಿತು. ನನ್ನ ಪಾಲಿಗೆ ಇಡೀ ವಾದದ ತಿರುಳು ಇದೇ. ಆಸ್ತಿ ಎನ್ನದಿದ್ದರೆ ನಡುವೆ ಕುಳಿತವನಿಗೆ ಹೊಣೆಯೇ ಇರುವುದಿಲ್ಲ.

ಎಲ್ಲರೂ ಒಪ್ಪಿಲ್ಲ. 2000ದಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಸುಪ್ರೀಂ ಕೋರ್ಟ್ ಅಂಬ್ರೊ ಪ್ರಕರಣದಲ್ಲಿ ಡೊಮೇನ್ ಎಂಬುದು ಸೇವಾ ಕರಾರಿನ ಫಲ, ಸಾಲ ವಸೂಲಿಗೆ ಅದನ್ನು ಜಪ್ತಿ ಮಾಡಲಾಗದು ಎಂದಿತು. ಹೆಸರು ನೋಂದಾಯಿಸುವ ರಿಜಿಸ್ಟ್ರಾರ್‌ಗಳಿಗೆ ಇದಕ್ಕಿಂತ ಹಿತವಾದ ಮಾತು ಇನ್ನೇನಿದೆ? ಆಸ್ತಿಯಾದರೆ ಸಾಲ ಕೊಟ್ಟವರೂ ಕೈ ಹಾಕುತ್ತಾರೆ, ನಿಜ. ಹಾಕಲಿ. ಹಕ್ಕು ಬೇಕು, ಅದರ ಜೊತೆಗಿನ ಹೊರೆ ಬೇಡ ಎನ್ನುವುದು ನ್ಯಾಯವಲ್ಲ.

ಕಾಲಕಾಲಕ್ಕೆ ನವೀಕರಿಸಬೇಕಾದದ್ದು ಹೇಗೆ ಆಸ್ತಿ ಎಂದು ಕೇಳುವವರಿದ್ದಾರೆ. ಡಾಟ್ ಕಾಮ್ ಹೆಸರನ್ನು ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ನೋಂದಾಯಿಸಬಹುದು, ಅಷ್ಟೇ. ಆದರೆ ಗುತ್ತಿಗೆಗೆ ಪಡೆದ ಜಮೀನಿಗೂ ಅವಧಿ ಇದೆ, ಬಾಡಿಗೆ ಇದೆ. ಆ ಗುತ್ತಿಗೆ ಹಕ್ಕನ್ನು ಮಾರುತ್ತಾರೆ, ಅಡವಿಡುತ್ತಾರೆ, ಮಕ್ಕಳಿಗೆ ಬಿಟ್ಟುಹೋಗುತ್ತಾರೆ.

2011ರಲ್ಲಿ ಕೆನಡಾದ ಒಂಟಾರಿಯೊ ಮೇಲ್ಮನವಿ ನ್ಯಾಯಾಲಯವೂ ಆಸ್ತಿಯೆಂದೇ ಹೇಳಿತು. ಭಾರತದ ಸುಪ್ರೀಂ ಕೋರ್ಟ್ 2004ರ ಸತ್ಯಂ ಇನ್ಫೋವೇ ತೀರ್ಪಿನಲ್ಲಿ ಡೊಮೇನ್‌ಗೆ ಟ್ರೇಡ್‌ಮಾರ್ಕ್‌ನಂಥ ರಕ್ಷಣೆ ಕೊಟ್ಟಿತು. ಒಳ್ಳೆಯದೇ. ಆದರೆ ಆ ರಕ್ಷಣೆ ಹೆಸರು ಕದ್ದು ವ್ಯಾಪಾರ ಮಾಡುವವನನ್ನು ತಡೆಯುತ್ತದೆ. ಬ್ರ್ಯಾಂಡ್ ಇಲ್ಲದ ಸಾಮಾನ್ಯ ಬರಹಗಾರನ ಡೊಮೇನ್ ಖಾತೆಯಿಂದ ಮಾಯವಾದರೆ ಅದರಿಂದ ಹೆಚ್ಚೇನೂ ಸಿಗದು.

ಆಸ್ತಿ ಎಂದ ಮಾತ್ರಕ್ಕೆ ಯಾರೂ ಮುಟ್ಟಬಾರದು ಎಂದಲ್ಲ. 2007ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಜರ್ಮನಿಯ ಪೆಫ್ಗೆನ್ ಕಂಪನಿಯ ಡೊಮೇನ್‌ಗಳನ್ನು ಸ್ವತ್ತೆಂದು ಒಪ್ಪಿಯೂ ಕಂಪನಿಯ ದೂರನ್ನು ತಳ್ಳಿಹಾಕಿತು, ಏಕೆಂದರೆ ಅವು ಇತರರ ಹೆಸರಿನ ಹಕ್ಕಿಗೆ ಧಕ್ಕೆ ತರುತ್ತಿದ್ದವು. ನನಗೆ ಇಷ್ಟು ಸಾಕು. ಕಿತ್ತುಕೊಳ್ಳುವವರು ಕಾರಣ ಕೊಡಲಿ, ಆ ಕಾರಣವನ್ನು ನ್ಯಾಯಾಧೀಶರು ತೂಗಲಿ. ಹಾಗಾಗದಿದ್ದರೆ ಏನಾಗುತ್ತದೆ ನೋಡಿ: ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದ ಬ್ರೆಕ್ಸಿಟ್ ನಂತರ, 2021ರ ಆರಂಭದಲ್ಲಿ, ಬ್ರಿಟನ್ನಿನವರ ಹೆಸರಲ್ಲಿದ್ದ, ಆ ಒಕ್ಕೂಟಕ್ಕೆ ಮೀಸಲಾದ ಸಾವಿರಾರು ಡಾಟ್ ಇಯು ವಿಳಾಸಗಳು ಸ್ಥಗಿತಗೊಂಡವು. ಅವರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ; ಅರ್ಹತೆಯ ನಿಯಮದಿಂದ ಅವರ ದೇಶ ಹೊರಗುಳಿದಿತ್ತು.