ಉಡದಾರದ ಗುಟ್ಟು ಟ್ರೇನಲ್ಲಿ ರಟ್ಟು

ಆಳಂದ ಕಡೆಯ ನಮ್ಮ ಕಾಕಾ ಮೊದಲ ಸಲ ವಿಮಾನ ಹತ್ತಲು ಹೊರಟಾಗ ಅವರಿಗೆ ಅರವತ್ತೆಂಟು. ಹಿಂದಿನ ರಾತ್ರಿ ಕಲಬುರಗಿಯ ನಮ್ಮ ಮನೆಯಲ್ಲೇ ಉಳಿದಿದ್ದರು. ರೊಟ್ಟಿ ಮುರಿಯುತ್ತಾ ಕೂತವರಿಗೆ ನನ್ನ ಮಗ, ಇಂಜಿನಿಯರಿಂಗ್ ಎರಡನೇ ವರ್ಷ, ಭಾರಿ ಗಂಭೀರವಾಗಿ ಎಚ್ಚರಿಸಿದ: "ಮುತ್ಯಾ, ಅಲ್ಲಿ ಒಂದು ಮಿಷನ್ ಇರ್ತದ. ಅದರಾಗ ನಿಂತ್ರ ಅರಿವಿ ಒಳಗಿಂದೆಲ್ಲ ಕಾಣಸ್ತದ. ಮ್ಯಾಲ ರೇಡಿಯೇಷನ್ ಬ್ಯಾರೆ."

ಕಾಕಾ ರೊಟ್ಟಿ ಕೆಳಗಿಟ್ಟರು. "ಹಂಗಾದ್ರ ಹೊಸ ಧೋತ್ರ ಯಾಕ ತಂದೆವೋ?"

ಮಗ ಹೇಳಿದ್ದು ಪೂರ್ತಿ ಸುಳ್ಳಲ್ಲ. 2009ರ ಕ್ರಿಸ್‌ಮಸ್ ದಿನ ಡೆಟ್ರಾಯಿಟ್‌ಗೆ ಹೊರಟಿದ್ದ ವಿಮಾನದಲ್ಲಿ ಒಬ್ಬ ಚಡ್ಡಿಯೊಳಗೆ ಬಾಂಬ್ ಇಟ್ಟುಕೊಂಡು ಕೂತಿದ್ದ. ಬಾಂಬ್ ಸರಿಯಾಗಿ ಸಿಡಿಯಲಿಲ್ಲ. ಆದರೆ ಆವತ್ತಿನಿಂದ ಅಮೆರಿಕಕ್ಕೆ ಎಲ್ಲರ ಚಡ್ಡಿ ಮೇಲೂ ಅನುಮಾನ. ಬಟ್ಟೆ ದಾಟಿ ಮೈಯ ಚಿತ್ರ ತೆಗೆಯುವ ಎಕ್ಸ್‌-ರೇ ಯಂತ್ರಗಳು ಜೋರಾಗಿ ಬಂದವು. ಜನ ಬೊಬ್ಬೆ ಹೊಡೆದರು. ಯುರೋಪ್ 2011ರಲ್ಲೇ ಅವು ಬೇಡ ಅಂದಿತು. ಮೈ ಬದಲು ಬರೀ ಗೊಂಬೆ ತೋರಿಸುವ ಸಾಫ್ಟ್‌ವೇರ್ ಅವಕ್ಕೆ ಕೂರಲಿಲ್ಲ ಅಂತ 2013ರಲ್ಲಿ ಅಮೆರಿಕವೂ ಕಿತ್ತು ಹಾಕಿತು. ಈಗಿನವು ಮಿಲಿಮೀಟರ್ ತರಂಗದವು, ಎಕ್ಸ್‌-ರೇ ಇಲ್ಲವೇ ಇಲ್ಲ. ಪರದೆ ಮೇಲೆ ಎಲ್ಲರಿಗೂ ಒಂದೇ ಗೊಂಬೆ, ಅನುಮಾನ ಬಂದ ಜಾಗಕ್ಕೆ ಒಂದು ಚೌಕ. ಸಾಹುಕಾರನಿಗೂ ಅದೇ ಗೊಂಬೆ, ನಮ್ಮ ಕಾಕಾಗೂ ಅದೇ.

ಇನ್ನು ರೇಡಿಯೇಷನ್. ಆ ಹಳೇ ಯಂತ್ರದಲ್ಲೂ ಹೆಚ್ಚುಕಡಿಮೆ ಸಾವಿರ ಸಲ ನಿಂತರೆ ಎದೆಯ ಒಂದು ಎಕ್ಸ್‌-ರೇಗೆ ಸಮ. ಕಾಲು ಮುರಿದ ವರ್ಷ ಕಾಕಾ ಹೊಸ ಡಾಕ್ಟರ್ ಕಂಡಾಗಲೆಲ್ಲ ಹೊಸ ಎಕ್ಸ್‌-ರೇ ತೆಗೆಸಿದ್ದಾರೆ. ಫಿಲಂಗಳೆಲ್ಲ ಚೀಲದೊಳಗೆ ಕೂತು ಗೋಡೆಯ ಮೊಳೆಗೆ ನೇತಾಡುತ್ತಿವೆ. ಅದಕ್ಕೆ ಯಾರೂ ಹೆದರಿದ್ದಿಲ್ಲ.

ನಮ್ಮಲ್ಲೂ 2019ರ ಏಪ್ರಿಲ್‌ನಲ್ಲಿ ಆದೇಶ ಬಂತು: 84 ವಿಮಾನ ನಿಲ್ದಾಣಗಳಲ್ಲಿ ವರ್ಷದೊಳಗೆ ಬಾಡಿ ಸ್ಕ್ಯಾನರ್ ಹಾಕಿ ಅಂತ. ಅದೇ ವರ್ಷ ನವೆಂಬರ್ 22ಕ್ಕೆ ಕಲಬುರಗಿ ನಿಲ್ದಾಣವೂ ಶುರುವಾಯಿತು. ಗಡುವು ಬಂತು, ಹೋಯಿತು. ನಾನೂ ಕಾಕಾನೂ ಹೋದ ಕಡೆ (ಊರ ಹೆಸರು ಬೇಡ ಬಿಡಿ) ಮಾನ ಕಾಯುವ ಗೊಂಬೆ ಇರಲಿಲ್ಲ. ಅದೇ ಹಳೇ ಬಾಗಿಲು ಚೌಕಟ್ಟು. ಪಕ್ಕದಲ್ಲಿ ಸೆಕ್ಯೂರಿಟಿಯವನು, ಕೈಯಲ್ಲೊಂದು ಲೋಹ ಹುಡುಕುವ ಬ್ಯಾಟು.

ಹೆಂಗಸರಿಗಾದರೆ ಪರದೆ ಕಟ್ಟಿದ ಗೂಡು ಇರುತ್ತೆ. ಗಂಡಸರನ್ನು ಮೆಟ್ಟಿಲು ಹತ್ತಿಸಿ, ಕೈ ಎತ್ತಿಸಿ, ಊರಿಗೆಲ್ಲ ಕಾಣೋ ಹಾಗೆ ತಡಕುತ್ತಾರೆ. ಗಂಡಸಿಗೆ ಮಾನ ಇಲ್ಲ ಅಂತ ಯಾವ ಸುತ್ತೋಲೆಯಲ್ಲಿ ಬರೆದಿದೆಯೋ!

ಬ್ಯಾಟು ಕಾಕಾನ ಸೊಂಟದ ಹತ್ತಿರ ಕಿರುಚಿತು.

"ಕಮರ್ ಮೇ ಕ್ಯಾ ಹೈ?"

"ಉಡದಾರ ರೀ."

"ಕ್ಯಾ?"

ಹಿಂದಿದ್ದವರೊಬ್ಬರು ಕರುಣೆಯಿಂದ ಅನುವಾದಿಸಿದರು: "ಚಾಂದಿಕಾ ಹೈ ಸಾಬ್, ಅಂದರ್ ಬಾಂಧ್ತೇ!" ಸಾಲಿನಲ್ಲಿದ್ದ ಅಷ್ಟೂ ಜನರಿಗೆ ಗೊತ್ತಾಯಿತು. ತೆಗೀಬೇಕಂತೆ. ಮದುವೆಯಲ್ಲಿ ಮಾವ ಹಾಕಿಸಿದ ಉಡದಾರ ಅದು, ಕೊಂಡಿ ಸವೆದು ಕಚ್ಚಿಕೊಂಡಿತ್ತು. ಕಾಕಾ ನಾಚಿ ಗೋಡೆ ಕಡೆ ತಿರುಗಿದರು. ಗೋಡೆ ಗಾಜಿನದು. ಆಚೆ ಕಾಫಿ ಅಂಗಡಿ. ನಾನು ಗುರುತೇ ಇಲ್ಲದವನ ಹಾಗೆ ಬೂಟು ಬಿಚ್ಚುತ್ತಾ ಕೂತೆ.

ಉಡದಾರ ಟ್ರೇನಲ್ಲಿ ಯಾರದೋ ಲ್ಯಾಪ್‌ಟಾಪ್ ಹಿಂದೆ ಮೆರವಣಿಗೆ ಹೊರಟಿತು. ಬ್ಯಾಟು ಎಡಗಾಲಿಗೆ ಬಂದು ಮತ್ತೆ ಕಿರುಚಿತು. ರಾಡ್. ಯಾವಾಗ ಹಾಕಿದ್ದು, ಯಾಕೆ ಹಾಕಿದ್ದು, ಕಾಗದ ಎಲ್ಲಿ? ಎಷ್ಟು ಖರ್ಚಾಯಿತು ಅಂತ ಸಾಲಿನವರೂ ಒಬ್ಬರು ಕೇಳಿದರು. ಆಮೇಲೆ ಬ್ಯಾಗು. ಶೇಂಗಾ ಹೋಳಿಗೆ ಪಾಸು. ಮೆಣಸಿನಕಾಯಿ ಉಪ್ಪಿನಕಾಯಿ ಫೇಲು. ಕೈಚೀಲದಲ್ಲಿ ಒಯ್ಯಬಾರದ ಸಾಮಾನಿನ ಪಟ್ಟಿಯಲ್ಲಿ ಅದೂ ಇದೆ. ಕಾಕಿಯ ಕೈಖಾರ ಬಲ್ಲ ನಾನು ಇದೊಂದು ವಿಷಯದಲ್ಲಿ ಸರ್ಕಾರದ ಪರ. ಕಡೆಗೆ ಒಂದು ಟ್ಯೂಬನ್ನು ಎತ್ತಿ ಹಿಡಿದು ಕೇಳಿದರು, ಇದು ಯಾತಕ್ಕೆ? ಮೂಲವ್ಯಾಧಿ ಮುಲಾಮು. ಅದಕ್ಕೆ ಹಿಂದಿಯಲ್ಲಿ ಏನಂತಾರೋ ಕಾಕಾಗೆ ಗೊತ್ತಿರಲಿಲ್ಲ. ಕೈಸನ್ನೆಯಲ್ಲಿ ತೋರಿಸಿದರು.

ಮಿಷನ್ ಮಾನ ತೆಗೆಯುತ್ತೆ ಅಂತ ರಾತ್ರಿಯಿಡೀ ಚರ್ಚೆ ಮಾಡಿದ್ದೆವು ನೋಡಿ. ಪಾಪ, ಅದು ಬರೀ ಕುಂಯ್ ಅಂದಿದ್ದು.

ಮೊನ್ನೆ ಪಹಣಿ ತಿದ್ದಿಸಲು ಕಾಕಾ ಮತ್ತೆ ಕಲಬುರಗಿಗೆ ಬಂದಿದ್ದರು. ಕಚೇರಿ ಬಾಗಿಲಲ್ಲೂ ಅಂಥದೇ ಚೌಕಟ್ಟು. ಬೀಗದ ಕೈಗೂ ಕುಂಯ್, ಟಿಫಿನ್ ಡಬ್ಬಿಗೂ ಕುಂಯ್, ಜನ ಒಳಗೆ ಹೋಗುತ್ತಲೇ ಇದ್ದರು. ಕಾವಲುಗಾರ ಕುರ್ಚಿ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. ಕಾಕಾ ಮಾತ್ರ ಚೌಕಟ್ಟಿನ ನಡುವೆ ನಿಂತು ಎರಡೂ ಕೈ ಮೇಲೆತ್ತಿದರು.

"ಎಡಗಾಲಾಗ ರಾಡ್ ಅದ ರೀ. ಉಡದಾರ ಮನ್ಯಾಗ ಬಿಟ್ಟು ಬಂದೀನಿ. ಮುಲಾಮು..."

ಅವನು ತಲೆ ಎತ್ತಲಿಲ್ಲ.

"ಯಾರ್ ಕೇಳ್ಯಾರ್ರೀ ನಿಮಗ? ಒಳಗ ನಡೀರಿ. ಸಾಹೇಬ್ರು ಇನ್ನಾ ಬಂದಿಲ್ಲ."